‘ತುದಿಗೆ ಎಂತ ಕಟ್ಟಿದ್ದು?’ ಎಂದು ಕೇಳುವ ದೇಯಿ

ಬೆಳಕು ಇನ್ನೂ ಓಣಿಗೆ ಇಳಿದಿಲ್ಲ. ಉಳ್ಳಾಲದ ಕೋಟೆಪುರದಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಸದ್ದು ಕೇಳುವಷ್ಟು ಹತ್ತಿರದ ಹೆಂಚಿನ ಮನೆಯೊಂದರ ಜಗಲಿಯಲ್ಲಿ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಮಣೆಯ ಮೇಲೆ ಕೂತ ದೇಯಿ ಗಾಳದ ಕೋಲೊಂದನ್ನು ಮೊಣಕಾಲಿನ ಮೇಲಿಟ್ಟು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಕೋಲು ಒಂದು ಸುತ್ತು ತಿರುಗಿದರೆ ಅದರ ಮೇಲೆ ನೂಲೂ ಒಂದು ಸುತ್ತು ಕೂರುತ್ತದೆ. ಬಿಗಿ ಹೆಚ್ಚುಕಡಿಮೆ ಆಗದಂತೆ ನೂಲನ್ನು ಹಲ್ಲಿನ ನಡುವೆ ಹಾಯಿಸಿಕೊಂಡಿದ್ದಾರೆ. ನಾನು ನಮಸ್ಕಾರ ಹೇಳಿದರೆ ಉತ್ತರವಿಲ್ಲ. ನೂಲಿನ ಬಾಲವನ್ನು ಸುತ್ತಿನ ಒಳಗೆ ಸಿಕ್ಕಿಸಿ, ಎಳೆದು, ಕತ್ತರಿಸಿ, ಆಮೇಲೆ ಬಾಯಿ ಬಿಡುತ್ತಾರೆ.

“ಎಂತ ಮಾಡುವುದು, ನೂಲು ಹಲ್ಲಲ್ಲಿದ್ರೆ ದೇವರು ಬಂದ್ರೂ ಮಾತಿಲ್ಲ. ಕೂತ್ಕೊಳ್ಳಿ. ಚಾ ಕುಡೀತೀರಾ?”

ಗಾಳದ ಕೋಲಿನ ಮೈಯುದ್ದಕ್ಕೂ ಸಣ್ಣ ಸಣ್ಣ ರಿಂಗುಗಳಿರುತ್ತವೆ. ರೀಲಿನಿಂದ ಬಿಟ್ಟ ದಾರ ಅವುಗಳ ಮೂಲಕ ಹಾದು ತುದಿಗೆ ಹೋಗುತ್ತದೆ. ನಮ್ಮ ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಈ ರಿಂಗುಗಳೇ. ತುಕ್ಕು ಹಿಡಿದದ್ದನ್ನು ಕಿತ್ತು, ಹೊಸದನ್ನು ಇಟ್ಟು, ಅದರ ಕಾಲನ್ನು ನೂಲಿನಿಂದ ಬಿಗಿದು, ಮೇಲೆ ವಾರ್ನಿಶ್ ಹಚ್ಚುವುದು ದೇಯಿಯವರ ಕಸುಬು. ಮಂಗಳೂರಿನಲ್ಲಿ ಈ ಕೆಲಸ ಮಾಡುವ ಇನ್ನೊಬ್ಬರನ್ನು ನಾನು ಹುಡುಕಿದೆ. ಸಿಗಲಿಲ್ಲ.

ವಾರ್ನಿಶ್ ಹಚ್ಚಿದ ಕೋಲನ್ನು ಒಣಗಲು ಹಾಗೇ ಬಿಟ್ಟರೆ ಅದು ಒಂದೇ ಕಡೆಗೆ ಇಳಿದು ಗಂಟು ಕಟ್ಟುತ್ತದೆ. ಹದ ಬರುವ ತನಕ ತಿರುಗಿಸುತ್ತಲೇ ಇರಬೇಕು. ಆ ಕೆಲಸಕ್ಕೆ ಜಗಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಜಯಣ್ಣ ಕೂತಿದ್ದಾರೆ. ಅವರು ದೇಯಿಯವರ ಗಂಡ. ಎರಡು ಅಂಗೈಗಳ ನಡುವೆ ಕೋಲನ್ನು ಇಟ್ಟುಕೊಂಡು, ಗೋಡೆಯ ಕಡೆಗೆ ಮುಖ ಮಾಡಿ, ಒಂದೇ ಲಯದಲ್ಲಿ ತಿರುಗಿಸುತ್ತಾರೆ. ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಅವರಿಗೆ ಬಲಗಣ್ಣಿಲ್ಲ, ಎಡಗಣ್ಣಿನಲ್ಲಿ ಉಳಿದಿರುವುದೂ ಸ್ವಲ್ಪವೇ.

* * *

ನಮ್ಮ ಊರಿನಲ್ಲಿ ಒಂದು ಜಾತಿಯ ಜನ ಇದ್ದಾರೆ. ಅವರು ಬೋಟಿಗೆ ಹೋಗುವ ಮೀನುಗಾರರಲ್ಲ. ವಾರವಿಡೀ ಬಲ್ಮಠದ ಆಫೀಸಿನಲ್ಲೋ ಕದ್ರಿಯ ಅಂಗಡಿಯಲ್ಲೋ ಕೂತು, ಭಾನುವಾರ ಬೆಳಕು ಹರಿಯುವ ಮೊದಲೇ ಅಳಿವೆಯ ಕಲ್ಲುಗಳ ಮೇಲೆ ಕೋಲು ಹಿಡಿದು ನಿಲ್ಲುವವರು. ತಮ್ಮನ್ನು ತಾವು ಆಂಗ್ಲರ್ ಎಂದು ಕರೆದುಕೊಳ್ಳುತ್ತಾರೆ. ಅವರ ಹೆಂಡಂದಿರು ಕರೆಯುವ ಹೆಸರು ಬೇರೆ, ಅದನ್ನು ಪುರವಣಿಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಇವರೆಲ್ಲರ ಕನಸಿನಲ್ಲಿ ಬರುವ ಮೀನು ಒಂದೇ, ಕುರುಡಿ. ಪೇಟೆಯ ಹೋಟೆಲುಗಳಲ್ಲಿ ಅದಕ್ಕೆ ಸೀಬಾಸ್ ಎಂಬ ಹೆಸರು ಬಂದಿದೆ. ಹೊಳೆ ಕಡಲನ್ನು ಸೇರುವಲ್ಲಿ ಅದು ಕಲ್ಲಿನ ಸಂದಿಯಲ್ಲಿ ಹೊಂಚಿ ನಿಲ್ಲುತ್ತದೆ, ಹಾಯುವ ಮೀನನ್ನು ಫಕ್ಕನೆ ನುಂಗುತ್ತದೆ. ಆ ಹಾಯುವ ಮೀನಿನ ವೇಷ ಹಾಕಿ ನೀರಿಗೆ ಬೀಳುವ ಪ್ಲಾಸ್ಟಿಕ್ಕಿನ ತುಂಡಿಗೆ ಅಂಗಡಿಯಲ್ಲಿ ಲ್ಯೂರ್ ಎನ್ನುತ್ತಾರೆ. ದೇಯಿ ‘ಸುಳ್ಳುಮೀನು’ ಎನ್ನುತ್ತಾರೆ.

ನಾನು ಹೋದ ಭಾನುವಾರ ಕದ್ರಿಯ ವಿನೀತ್ ಬಂದಿದ್ದಾರೆ. ಮನೆಯವರದು ಹೋಟೆಲ್ ವ್ಯವಹಾರ, ಇವರದು ಕುರುಡಿಯ ಹುಚ್ಚು. ಕೈಯಲ್ಲಿ ನಡು ಮುರಿದ ಕೋಲು, ಮುಖದಲ್ಲಿ ಸಾವಿನ ಮನೆಯಿಂದ ಬಂದ ಕಳೆ. ದೇಯಿ ಕೋಲನ್ನು ಇನ್ನೂ ಮುಟ್ಟಿಲ್ಲ, ಪ್ರಶ್ನೆ ಬಂದೇ ಬಿಡುತ್ತದೆ.

“ತುದಿಗೆ ಎಂತ ಕಟ್ಟಿದ್ದು?”

“ಕಬ್ಬಿಣದ್ದು, ಅಕ್ಕ. ದೂರ ಬೀಳ್ಲಿ ಅಂತ.”

“ಈ ಕಡ್ಡಿಗೆ ಕಬ್ಬಿಣವಾ? ಅದರ ಭಾರಕ್ಕೇ ನಡು ಹೋಗಿದೆ. ಬೀಸುವಾಗ ಮುರಿದದ್ದು ಅಲ್ವಾ? ಮೀನು ಹಿಡಿದು ಮುರಿದದ್ದು ಅಂತ ಅಲ್ಲಿ ಎಲ್ಲರಿಗೂ ಹೇಳಿರ್ತೀರಿ.”

ವಿನೀತ್ ನಗುತ್ತಾರೆ. ಅಲ್ಲಗಳೆಯುವುದಿಲ್ಲ. ಈಗ ಅವರಿಗೆ ಹೊಸ ಕೋಲು ಬೇಕು. ಈ ಸಲ ಕಟ್ಟಲಿಕ್ಕಿರುವುದು ಮರದಿಂದ ಮಾಡಿದ, ಎರಡು ಕಡೆ ಮೂರು ಮುಳ್ಳಿನ ಕೊಕ್ಕೆ ನೇತಾಡುವ ಸುಳ್ಳುಮೀನು. ದೇಯಿ ಮಾಡಿನ ಅಡಿಯಿಂದ ಕೋಲುಗಳನ್ನು ಇಳಿಸುತ್ತಾರೆ. ಕೊಕ್ಕೆಗಳಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ, ಸುಳ್ಳುಮೀನನ್ನು ಮುಷ್ಟಿಯಲ್ಲಿ ಹಿಡಿದು, ಅಂಗಳದ ಆ ತುದಿಯಲ್ಲಿರುವ ತೆಂಗಿನ ಮರದ ತನಕ ನಡೆದು ಹೋಗುತ್ತಾರೆ. ಈಚೆ ಜಗಲಿಯಲ್ಲಿ ವಿನೀತ್ ಕೋಲು ಹಿಡಿದು ನಿಲ್ಲುತ್ತಾರೆ.

“ಹಾಂ, ಎಳೀರಿ. ಈಗ ನಾನೇ ಮೀನು!”

ಎಂದವರೇ ದೇಯಿ ಸೆರಗು ಸಿಕ್ಕಿಸಿ ಓಡುತ್ತಾರೆ, ಎಡಕ್ಕೆ, ಬಲಕ್ಕೆ. ಆಮೇಲೆ ನಿಂತು ಕೈಯನ್ನು ತಲೆಯ ಮೇಲೆತ್ತಿ ಜೋರಾಗಿ ಕೊಡವುತ್ತಾರೆ. ಕುರುಡಿ ನೀರಿನಿಂದ ಮೇಲೆ ಹಾರಿ ತಲೆ ಕೊಡವುವುದು ಹೀಗೆಯೇ ಅಂತೆ. ಅರುವತ್ತು ದಾಟಿದ ಹೆಂಗಸು ಬೆಳಗಿನ ಹೊತ್ತು ಅಂಗಳದಲ್ಲಿ ಮೀನಾಗುವುದನ್ನು ನೋಡಿ ನನಗೆ ನಗು ತಡೆಯುವುದಿಲ್ಲ. ಆಚೆ ಮನೆಯ ನಾಝಿಮಾ ಬೇಲಿಯ ಬಳಿ ಬಟ್ಟೆ ಒಣಗಿಸುತ್ತಾ, “ಇವತ್ತು ದೊಡ್ಡ ಮೀನಾ ಸಣ್ಣದಾ ದೇಯಕ್ಕಾ?” ಎಂದು ಕೇಳುತ್ತಾರೆ. ಮೂಲೆಯಲ್ಲಿ ಕೋಲು ತಿರುಗಿಸುತ್ತಿರುವ ಜಯಣ್ಣನ ಮುಖದಲ್ಲಿ ಮಾತ್ರ ನಗುವಿಲ್ಲ.

ಮೊದಲ ಕೋಲು ಹಿಡಿದಾಗ ದೇಯಿ ತಲೆ ಅಲ್ಲಾಡಿಸಿ ಬೇಡ ಎನ್ನುತ್ತಾರೆ. ಎರಡನೆಯದು ತುದಿಯಿಂದ ನಡುವಿನ ತನಕ ಬಿಲ್ಲಿನ ಹಾಗೆ ಬಾಗುತ್ತದೆ. ಅವರು ಕೈ ಕೊಡವಿದಷ್ಟೂ ಕೋಲು ಬಾಗಿ ಬಿಟ್ಟುಕೊಡುತ್ತದೆ, ದಾರ ಸಡಿಲವಾಗುವುದೇ ಇಲ್ಲ. “ಇದು ನಿಮ್ಮದು” ಎಂದು ಸುಳ್ಳುಮೀನನ್ನು ಕೈಗೆ ಕೊಡುತ್ತಾರೆ.

ನನಗೆ ಅರ್ಥವಾಗಲಿ ಎಂದು ಚಾ ಕುಡಿಯುತ್ತಾ ವಿವರಿಸುತ್ತಾರೆ. “ಮೂರು ಮುಳ್ಳಿನ ಕೊಕ್ಕೆ ಸಪೂರ ಇರ್ತದೆ. ಮೀನಿನ ಬಾಯಿಯ ಚರ್ಮಕ್ಕೆ ಮಾತ್ರ ಹಿಡಿಯುವುದು. ಅದಕ್ಕೆ ಮೆತ್ತನೆ ಕೋಲು ಬೇಕು. ಮೀನು ಕೊಡವಿದ್ರೆ ಕೋಲು ಬಗ್ಗಬೇಕು, ಇಲ್ಲದಿದ್ರೆ ಚರ್ಮ ಹರಿದು ಕೊಕ್ಕೆ ಕಿತ್ತು ಬರ್ತದೆ. ರಬ್ಬರಿನ ಮೀನು, ಕಪ್ಪೆ, ಅದಕ್ಕೆಲ್ಲ ಒಂಟಿ ಕೊಕ್ಕೆ, ದಪ್ಪದ್ದು. ಅದು ದವಡೆಗೆ ನಾಟಬೇಕು. ಅದಕ್ಕೆ ಗಡಸು ಕೋಲು. ಮೆತ್ತನೆಯದ್ದು ಹಿಡಿದು ಎಳೆದ್ರೆ ಕೋಲೇ ಬಗ್ತದೆ, ಕೊಕ್ಕೆ ನಾಟುವುದಿಲ್ಲ. ಇಷ್ಟೇ ಮಾರಾಯ್ರೆ. ಇದರಲ್ಲೆಂತ ದೊಡ್ಡ ವಿದ್ಯೆ ಇಲ್ಲ.”

“ನೀವು ಎಷ್ಟು ಕುರುಡಿ ಹಿಡಿದಿದ್ದೀರಿ?” ಎಂದು ಕೇಳಿದೆ.

“ನಾನಾ? ಒಂದೂ ಇಲ್ಲ. ನಾನು ಗಾಳ ಹಾಕಿದವಳೇ ಅಲ್ಲ.”

* * *

ದೇಯಿ ಹುಟ್ಟಿದ್ದು ತೊಕ್ಕೊಟ್ಟಿನ ಕಡೆಯ ಬಿಲ್ಲವ ಮನೆಯಲ್ಲಿ. ಮದುವೆಯಾಗಿ ಕೋಟೆಪುರಕ್ಕೆ ಬಂದಾಗ ಕೈಯಲ್ಲಿದ್ದ ಕೆಲಸ ಬೀಡಿ. ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಆಚೆ ಮನೆಯ ನಾಝಿಮಾ ಜೊತೆಗೂಡಿ ಜಗಲಿಯಲ್ಲಿ ಕೂತು ದಿನಕ್ಕೆ ಸಾವಿರದ ಲೆಕ್ಕದಲ್ಲಿ ಸುರುಟಿ, ಕಟ್ಟಿ, ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು ಕೊಡುತ್ತಿದ್ದರು. ಮಗಳು ಭವ್ಯಶ್ರೀ ಕಲಿತದ್ದು, ಮದುವೆಯಾಗಿ ಪುತ್ತೂರಿಗೆ ಹೋದದ್ದು ಎಲ್ಲ ಆ ತಡ್ಪೆಯಿಂದಲೇ. ಅದೇ ತಡ್ಪೆಯಿಂದ ಬಂದ ಕೆಮ್ಮು ಇನ್ನೂ ಹೋಗಿಲ್ಲ.

ಒಂದು ದಿನ ನಾಝಿಮಾರ ತಮ್ಮ ದುಬಾಯಿಯಿಂದ ತಂದ ಕೋಲಿನ ರಿಂಗು ಕಿತ್ತುಬಂತು. ಅಂಗಡಿಯವರು ಹೊಸದು ತೆಗೆದುಕೊಳ್ಳಿ ಎಂದರಂತೆ. ಬೀಡಿ ಕಟ್ಟುತ್ತಿದ್ದ ದೇಯಿ ಅದೇ ನೂಲಿನಿಂದ ರಿಂಗನ್ನು ಕಟ್ಟಿಕೊಟ್ಟರು. ಬೀಡಿಯ ಗಂಟು ಹೇಗೆ ತುದಿ ಕಾಣದೆ ಒಳಗೆ ಸಿಕ್ಕಿಕೊಳ್ಳುತ್ತದೋ ಹಾಗೆ. ಆ ಮಳೆಗಾಲ ಮುಗಿದರೂ ಗಂಟು ಬಿಚ್ಚಲಿಲ್ಲ. ಮರುವರ್ಷದಿಂದ ಊರಿನ ಮುರುಕು ಕೋಲುಗಳೆಲ್ಲ ಈ ಜಗಲಿಗೆ ಬರತೊಡಗಿದವು.

ಕೋಲು ಆರಿಸುವುದನ್ನು ಅವರು ಕಲಿತದ್ದು ಈ ಮುರುಕುಗಳಿಂದಲೇ. ಯಾರು ಮುರಿದ ಕೋಲು ತಂದರೂ ತುದಿಗೆ ಏನು ಕಟ್ಟಿದ್ದಿರಿ ಎಂದು ಕೇಳುತ್ತಿದ್ದರು. ಕಪ್ಪೆ ಕಟ್ಟಿದವರ ಕೋಲು ಇಲ್ಲಿ ಮುರಿಯುತ್ತದೆ, ಕಬ್ಬಿಣ ಕಟ್ಟಿದವರದ್ದು ಅಲ್ಲಿ. ಯಾವುದು ಯಾವುದಕ್ಕೆ ಆಗುವುದಿಲ್ಲ ಎಂದು ಮೊದಲು ತಿಳಿಯಿತು. ಯಾವುದು ಆಗುತ್ತದೆ ಎಂದು ಆಮೇಲೆ ತಾನಾಗಿ ತಿಳಿಯಿತು. ಮೀನಿನ ವಿಷಯ ಹೇಳಿಕೊಟ್ಟವರು ಜಯಣ್ಣ. ಅವರು ಮೀನು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಡ್ಯೂಟಿಗೆ ಹೋಗುವ ಮೊದಲು ಅಳಿವೆಯ ಕಲ್ಲಿನ ಮೇಲೆ ನಿಂತು ಕುರುಡಿ ಹಿಡಿದು ಬಲ್ಮಠದ ಹೋಟೆಲಿಗೆ ಕೊಡುತ್ತಿದ್ದರು. ಕುರುಡಿ ತಲೆ ಕೊಡವುವುದನ್ನು ಅಂಗಳದಲ್ಲಿ ಮೊದಲು ಆಡಿ ತೋರಿಸಿದವರೂ ಅವರೇ. ಆಗ ಮೀನಾಗುತ್ತಿದ್ದವರು ಜಯಣ್ಣ, ಕೋಲು ಹಿಡಿಯುತ್ತಿದ್ದವರು ದೇಯಿ.

“ಅವರು ಮೀನಾದ್ರೆ ಹಿಡಿದು ನಿಲ್ಸುದು ಕಷ್ಟ” ಎಂದು ದೇಯಿ ಮೂಲೆಯ ಕಡೆ ನೋಡುತ್ತಾರೆ. ಜಯಣ್ಣ ಕೋಲು ತಿರುಗಿಸುತ್ತಲೇ ಇದ್ದಾರೆ.

* * *

ಎಂಟು ವರ್ಷದ ಹಿಂದಿನ ಆ ಬೆಳಗಿನ ವಿಷಯವನ್ನು ದೇಯಿ ತಾವಾಗಿ ಹೇಳುತ್ತಾರೆ. ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಮಳೆಗಾಲ ಶುರುವಾಗಿ ಹೊಳೆಯ ನೀರು ಕೆಂಪಾದ ಹೊತ್ತು. ಕುರುಡಿ ಏರುವ ಕಾಲ. ಜಯಣ್ಣನ ಮೆತ್ತನೆ ಕೋಲಿಗೆ ದೇಯಿ ಹಿಂದಿನ ರಾತ್ರಿಯಷ್ಟೇ ವಾರ್ನಿಶ್ ಹಚ್ಚಿದ್ದರು. ಮಳೆಯ ತಂಪಿಗೆ ಅದು ಒಣಗಿರಲಿಲ್ಲ. ಬೆಳಿಗ್ಗೆ ಜಯಣ್ಣ ಹೊರಟು ನಿಂತು ಕೋಲು ಕೊಡು ಎಂದರು. ದೇಯಿ ಒಲೆಯ ಮುಂದಿದ್ದರು. ಎದ್ದು ಬಂದು, ಮಾಡಿನಡಿಯಲ್ಲಿ ಕೈಗೆ ಸಿಕ್ಕಿದ ಇನ್ನೊಂದು ಕೋಲನ್ನು ಇಳಿಸಿ ಕೊಟ್ಟರು. ಅದು ಕಪ್ಪೆಗೆಂದು ಕಟ್ಟಿದ ಗಡಸು ಕೋಲು. ಜಯಣ್ಣನ ಚೀಲದಲ್ಲಿದ್ದದ್ದು ಮೂರು ಮುಳ್ಳಿನ ಸುಳ್ಳುಮೀನು. ಅರ್ಜೆಂಟಿನಲ್ಲಿ ಅವರೂ ಕೋಲನ್ನು ಬಗ್ಗಿಸಿ ನೋಡಲಿಲ್ಲ. ಹೆಂಡತಿ ಕೊಟ್ಟದ್ದು ಸರಿ ಇರುತ್ತದೆ ಎಂದುಕೊಂಡು ಹೋದರು.

ಮೀನು ಕಚ್ಚಿತು. ಕಲ್ಲಿನ ಬುಡದ ತನಕ ಬಂತು. ಅಲ್ಲಿ ಹಾರಿ ತಲೆ ಕೊಡವಿತು. ಕೋಲು ಬಗ್ಗಲಿಲ್ಲ. ಕೊಕ್ಕೆ ಮೀನಿನ ಬಾಯಿಯಿಂದ ಕಿತ್ತು, ಬಿಗಿದ ದಾರದ ಸೆಳೆತಕ್ಕೆ ನೇರ ಜಯಣ್ಣನ ಮುಖಕ್ಕೆ ಬಂತು.

“ಊರಿನವರಿಗೆಲ್ಲ ಕೇಳ್ತೇನೆ ತುದಿಗೆ ಎಂತ ಕಟ್ಟಿದ್ದು ಅಂತ. ಗುರ್ತ ಇಲ್ಲದವರಿಗೂ ಕೇಳ್ತೇನೆ. ಅವರಿಗೆ ಕೇಳ್ಲಿಲ್ಲ” ಎನ್ನುತ್ತಾರೆ ದೇಯಿ. “ಮನೆಯವರಲ್ವಾ.”

ಇದನ್ನು ಹೇಳುವಾಗ ಅವರು ಅಳುವುದಿಲ್ಲ. ಉಗುರಿನಿಂದ ಬೆರಳಿಗೆ ಮೆತ್ತಿದ ವಾರ್ನಿಶ್ ಕೆರೆಯುತ್ತಾರೆ.

ಆಸ್ಪತ್ರೆಯಲ್ಲಿ ಬಲಗಣ್ಣನ್ನು ತೆಗೆಯಬೇಕಾಯಿತು. ಟೆಂಪೊದ ಕೆಲಸ ಹೋಯಿತು. ದೇಯಿ ಒಂದು ವರ್ಷ ಕೋಲು ಮುಟ್ಟಲಿಲ್ಲ. ಆದರೆ ಬೀಡಿಯ ಕೆಲಸವೂ ಕಡಿಮೆಯಾಗಿ, ಬೇರೆ ದಾರಿಯಿಲ್ಲದೆ, ಮತ್ತೆ ಅದೇ ಮಣೆಯ ಮೇಲೆ ಕೂರಬೇಕಾಯಿತು. ಕೋಲು ತಿರುಗಿಸಲು ಕರೆಂಟಿನ ಮೋಟಾರ್ ಸಿಗುತ್ತದಂತೆ. ಅದನ್ನು ತರಬೇಡ, ಆ ಕೆಲಸ ನನಗಿರಲಿ ಎಂದು ಜಯಣ್ಣ ಹೇಳಿದರಂತೆ. ಹೀಗೆ ಊರಿನವರ ಕೋಲುಗಳೆಲ್ಲ ಅವರ ಅಂಗೈಯಲ್ಲಿ ತಿರುಗಿ ಅಳಿವೆಗೆ ಹೋಗುತ್ತವೆ. ಅವರು ಮಾತ್ರ ಹೋಗಿಲ್ಲ. ಅವರಿಗಾಗಿ ಒಂದು ಕೋಲು ಕಟ್ಟಲು ದೇಯಿ ಈ ತನಕ ಒಪ್ಪಿರಲಿಲ್ಲ.

ಆ ಗಡಸು ಕೋಲು ಅಟ್ಟದಲ್ಲಿದೆ, ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟದ್ದು. ಮಾರಲಿಲ್ಲವೇಕೆ ಎಂದರೆ, “ಮಾರ್ಲಿಕ್ಕೆ ಮನಸ್ಸು ಬರುವುದಿಲ್ಲ” ಎನ್ನುತ್ತಾರೆ. ಮುರಿದು ಬಿಸಾಡಬಹುದಿತ್ತಲ್ಲ ಎಂದರೆ ಮತ್ತೆ ನೂಲು ಕೈಗೆತ್ತಿಕೊಳ್ಳುತ್ತಾರೆ. ಎಂಟು ವರ್ಷದಿಂದ ಅದು ಒಂದೇ ಕಡೆ ಮಲಗಿದೆ, ಗುಡಿಸುವಾಗ ದೇಯಿ ಅದರ ಸುತ್ತ ಗುಡಿಸುತ್ತಾರೆ.

* * *

ಈ ಸಲ ಮಳೆ ಬಿಟ್ಟ ಮೇಲೆ ವಿಷಯ ಬದಲಾಗಿದೆ. ಜಯಣ್ಣನ ಎಡಗಣ್ಣಿನ ದೃಷ್ಟಿ ಸುತ್ತಲಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತಿದೆ. ಪೈಪಿನ ಒಳಗಿಂದ ನೋಡಿದ ಹಾಗೆ ಎಂದು ಅವರೇ ಹೇಳುತ್ತಾರೆ. ಪೈಪೂ ಸಪೂರವಾಗುತ್ತಿದೆ. ಇನ್ನೊಂದು ಮಳೆಗಾಲದ ತನಕ ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಮನೆಗೆ ಬಂದು ಜಯಣ್ಣ ಕೇಳಿದ್ದು ಒಂದೇ: ಕತ್ತಲಾಗುವ ಮೊದಲು ಒಮ್ಮೆ ಕಲ್ಲಿನ ಮೇಲೆ ನಿಲ್ಲಬೇಕು, ಕೈಯಲ್ಲಿ ಕೋಲು ಬೇಕು.

ದೇಯಿ ಆಗುವುದಿಲ್ಲ ಎಂದರು. ಜಯಣ್ಣ ಜಗಳ ಮಾಡಲಿಲ್ಲ. ಆದರೆ ಕೋಲು ತಿರುಗಿಸುವಾಗ ಗೋಡೆಯ ಕಡೆಗೆ ಮುಖ ಮಾಡಿ ಕೂರತೊಡಗಿದ್ದು ಆಗಿನಿಂದಲೇ. ಜಗಳ ಮಾಡಿದ್ದರೆ ಒಳ್ಳೆಯದಿತ್ತು ಎಂದು ದೇಯಿಗೆ ಅನಿಸಿತಂತೆ.

ಕೊನೆಗೆ ಒಪ್ಪಿದ್ದಾರೆ. ಒಪ್ಪಿದ ರೀತಿಯನ್ನು ಅವರು ಜಯಣ್ಣ ಸ್ನಾನಕ್ಕೆ ಹೋದಾಗ ನನಗೆ ತೋರಿಸುತ್ತಾರೆ. ಮರದ ಸುಳ್ಳುಮೀನೊಂದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಹಸಿರು ಬೆನ್ನು, ಬಿಳಿ ಹೊಟ್ಟೆ, ಗುಂಡು ಕಣ್ಣು, ಎಲ್ಲ ಇದೆ. ಕೊಕ್ಕೆಗಳಿಲ್ಲ. ಕೊಕ್ಕೆ ನೇತಾಡಬೇಕಾದಲ್ಲಿ ಸೀಸದ ಸಣ್ಣ ಗುಂಡು ಅಂಟಿಸಿದ್ದಾರೆ.

“ಭಾರ ಕಡಿಮೆ ಆದ್ರೆ ಅವರಿಗೆ ಗೊತ್ತಾಗ್ತದೆ. ಅದಕ್ಕೆ ಸೀಸ. ಗಂಟು ನಾನೇ ಹಾಕ್ತೇನೆ, ಅವರಿಗೆ ಮುಟ್ಲಿಕ್ಕೆ ಕೊಡುವುದಿಲ್ಲ. ಬೀಸ್ಲಿ, ಎಳೀಲಿ. ಮೀನು ಕಚ್ಚಿದ್ರೆ ಕಚ್ಚಲಿ, ಬಿಟ್ಟು ಹೋಗ್ತದೆ. ಅವರ ಮುಖಕ್ಕೆ ಬರ್ಲಿಕ್ಕೆ ಅದರಲ್ಲಿ ಎಂತದೂ ಇಲ್ಲ.”

ಇದನ್ನು ಬರೆಯಲೇ ಎಂದು ಕೇಳಿದೆ. ಈ ಮನೆಗೆ ಪೇಪರು ಬರುತ್ತದೆ. ದಿನಾ ಬೆಳಿಗ್ಗೆ ಕೆಲಸ ಒಂದು ಹದಕ್ಕೆ ಬಂದ ಮೇಲೆ ದೇಯಿ ಅದನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಮ್ಮ ಪುರವಣಿಯನ್ನೂ ಓದುತ್ತಾರಂತೆ. ಹೇಗಿರುತ್ತದೆ ಎಂದು ಆಸೆಯಿಂದ ವಿಚಾರಿಸಿದ್ದಕ್ಕೆ “ಉದ್ದ ಆಗ್ತದೆ” ಎಂಬ ಉತ್ತರ ಸಿಕ್ಕಿತ್ತು.

“ಬರೀರಿ, ಅಡ್ಡಿಲ್ಲ” ಎಂದರು ದೇಯಿ. “ಓದುವವಳು ನಾನಲ್ವಾ. ಆ ಜಾಗ ಹಾರಿಸ್ತೇನೆ. ಹೊಳೆಗೆ ಬಿದ್ದವರದ್ದು, ಕಣ್ಣಿನ ಆಸ್ಪತ್ರೆಯದ್ದು, ಎಲ್ಲ ಹಾರಿಸಿಯೇ ಓದುವುದು. ಅವರಿಗೆ ಗೊತ್ತಾಗುವುದಿಲ್ಲ.”

* * *

ಮರುದಿನ ಬೆಳಿಗ್ಗೆ ನಾವು ಮೂವರು ಅಳಿವೆಯ ಕಲ್ಲಿನ ಗೋಡೆಯ ಮೇಲೆ ನಡೆಯುತ್ತಿದ್ದೇವೆ. ತುದಿಯ ತನಕ ಹೋಗುವುದಿಲ್ಲ ಎಂಬುದು ಕರಾರು. ದೇಯಿ ಮುಂದೆ, ಅವರ ಹೆಗಲ ಮೇಲೆ ಕೈಯಿಟ್ಟು ಜಯಣ್ಣ, ಹಿಂದೆ ನಾನು. ನಡೆಯಲು ಕಷ್ಟಪಡುತ್ತಿರುವವನು ಮೂವರಲ್ಲಿ ನಾನೊಬ್ಬನೇ. ಜಯಣ್ಣನ ಕಾಲುಗಳಿಗೆ ಕಲ್ಲುಗಳ ನೆನಪಿದೆ. ಒಂದು ಕಡೆ ನಿಂತು, ಇಲ್ಲಿ ಚಪ್ಪಟೆ ಕಲ್ಲು ಇರಬೇಕಲ್ಲ ಎನ್ನುತ್ತಾರೆ. ಇದೆ. ಎದುರು ದಡದ ಬೆಂಗ್ರೆಯ ಕಡೆ ಬೋಟುಗಳ ದೀಪಗಳು ಒಂದೊಂದಾಗಿ ಆರುತ್ತಿವೆ.

ದೇಯಿ ಬೆನ್ನು ತಿರುಗಿಸಿ ಕೂತು ಗಂಟು ಹಾಕುತ್ತಾರೆ. ಕೋಲು ಮೆತ್ತನೆಯದು. ಅಂಗಳದಲ್ಲಿ ತಾವೇ ಮೀನಾಗಿ, ನಾಝಿಮಾ ಕೈಯಲ್ಲಿ ಕೋಲು ಹಿಡಿಸಿ, ಮತ್ತೆ ಮತ್ತೆ ನೋಡಿ ಆರಿಸಿದ್ದು. ಅದನ್ನು ಗಂಡನ ಕೈಗೆ ಕೊಟ್ಟು, ಅವರ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾರೆ.

ಜಯಣ್ಣ ಬೀಸುತ್ತಾರೆ. ಎಂಟು ವರ್ಷದಲ್ಲಿ ಆ ಕೈ ಏನೂ ಮರೆತಿಲ್ಲ. ಸುಳ್ಳುಮೀನು ದೂರ ಹೋಗಿ ಸದ್ದಿಲ್ಲದೆ ನೀರಿಗೆ ಬೀಳುತ್ತದೆ. ರೀಲು ಸುತ್ತುತ್ತಾ ಅವರು ಕಣ್ಣು ಮುಚ್ಚುತ್ತಾರೆ. ಮತ್ತೆ ಬೀಸುತ್ತಾರೆ. ಬಿಸಿಲು ಏರುತ್ತದೆ. ಇನ್ನು ಸಾಕು ಎಂದು ದೇಯಿ ಹೇಳಬೇಕೆಂದಿರುವಾಗ ಕೋಲು ಒಮ್ಮೆಗೇ ಬಾಗುತ್ತದೆ.

ಕೋಲು ನಡುವಿನ ತನಕ ಬಾಗಿ, ಎರಡು ಸಲ ಜೋರಾಗಿ ಅದುರಿ, ನೆಟ್ಟಗಾಗುತ್ತದೆ. ನೀರಿನ ಮೇಲೆ ಬಿಳಿಯದೊಂದು ಹೊಳೆದು ಮಾಯವಾಗುತ್ತದೆ. ದೇಯಿ ಕಣ್ಣು ಬಿಗಿಯಾಗಿ ಮುಚ್ಚಿ ಗಂಡನ ಬೆನ್ನಿಗೆ ಹಣೆ ಒತ್ತಿದ್ದಾರೆ.

“ಹೋಯ್ತು” ಎನ್ನುತ್ತಾರೆ ಜಯಣ್ಣ. “ಸರಿಯಾಗಿ ಕಚ್ಚಲಿಲ್ಲ. ದೊಡ್ಡದಿತ್ತು.”

“ಹೌದು, ದೊಡ್ಡದೇ” ಎನ್ನುತ್ತಾರೆ ದೇಯಿ. ದಾರ ಸುತ್ತಿ, ಸುಳ್ಳುಮೀನನ್ನು ತಾವೇ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಕೈಗೆ ಹತ್ತಿದ ಲೋಳೆ ತೊಳೆಯಲು ಗೋಡೆಯ ಹೊಳೆಬದಿಗೆ ಇಳಿಯುತ್ತಾರೆ. ಅಲ್ಲಿ ಬಹಳ ಹೊತ್ತು ಕೂರುತ್ತಾರೆ. ಮುಖವನ್ನೂ ತೊಳೆಯುತ್ತಿರುವುದು ಕಾಣುತ್ತದೆ.

ಜಯಣ್ಣ ಮೆಲ್ಲಗೆ ನನ್ನನ್ನು ಕರೆಯುತ್ತಾರೆ.

“ಅದರಲ್ಲಿ ಕೊಕ್ಕೆ ಇರ್ಲಿಲ್ಲ ಅಲ್ವಾ?”

ನಾನು ಕೆಳಗೆ ಕೂತ ದೇಯಿಯವರ ಕಡೆ ನೋಡಿದೆ.

“ಹೇಳ್ಬೇಡಿ, ಬೇಡ. ಮೊದಲು ಬೀಸಿದಾಗಲೇ ಗೊತ್ತಾಯ್ತು. ಕೊಕ್ಕೆ ಇದ್ರೆ ಎಳೆಯುವಾಗ ಅದು ಮರಕ್ಕೆ ತಾಗಿ ಟಿಕಿ ಟಿಕಿ ಅಂತದೆ. ದಾರದಲ್ಲಿ ಕೈಗೆ ಬರ್ತದೆ ಅದು. ಇವತ್ತು ಬರ್ಲಿಲ್ಲ. ಭಾರ ಮಾತ್ರ ಸರಿ ಮಾಡಿದ್ದಾಳೆ.” ಸ್ವಲ್ಪ ನಗುತ್ತಾರೆ. ಆ ಮನೆಯ ಜಗಲಿಯಲ್ಲಿ ನಾನು ನೋಡದ ನಗು ಅದು. “ಪಾಪ, ಎಷ್ಟು ಹೆದರಿಕೆ ಅವಳಿಗೆ. ಆಸ್ಪತ್ರೆಯಲ್ಲಿ ನಾನೊಂದು ಮಾತೂ ಹೇಳ್ಲಿಲ್ಲ. ಬೈಲಿಲ್ಲ. ನಿನ್ನ ತಪ್ಪಲ್ಲ ಅಂತಲೂ ಹೇಳ್ಲಿಲ್ಲ. ಆಮೇಲೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ, ಹಾಗೇ ವರ್ಷ ಹೋಯ್ತು.”

ಕೆಳಗೆ ನೀರಿನ ಬಳಿ ದೇಯಿ ಏಳುತ್ತಿದ್ದಾರೆ. ಜಯಣ್ಣ ಅವಸರ ಮಾಡುತ್ತಾರೆ.

“ನೀವು ಪೇಪರಿಗೆ ಬರೀತೀರಲ್ಲ. ನನ್ನದೊಂದು ಮಾತು ಹಾಕಿ. ಆದ್ರೆ ನಡುವೆ ಎಲ್ಲಿಯೂ ಬೇಡ, ಅವಳು ಹಾರಿಸ್ತಾಳೆ. ನನಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದಾಳೆ. ಓದ್ತಾ ಓದ್ತಾ ದನಿ ಒಂದು ಕಡೆ ಎಡವುತ್ತದೆ, ಅಲ್ಲಿ ಹಾರಿಸಿದ್ದು ಅಂತ ಲೆಕ್ಕ. ಕೊನೆಗೆ ಹಾಕಿ. ಕೊನೆಯದ್ದು ಹಾರಿಸ್ಲಿಕ್ಕೆ ಆಗುವುದಿಲ್ಲ, ಮುಗೀತಾ ಅಂತ ನಾನು ಕೇಳ್ತೇನೆ.”

ಆ ಮಾತನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ದೇಯಿ ಮೇಲೆ ಬಂದು ಗಂಡನ ಕೈಯನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಇದು ಅಚ್ಚಾಗುವ ತನಕವೂ ದೇಯಿಯವರಿಗೆ ತಿಳಿಸಿಲ್ಲ. ಜಯಣ್ಣ ಹೇಳಿದ್ದು ಹೀಗೆ:

“ದೇಯೀ, ಕೊಕ್ಕೆ ಕಟ್ಟು. ಮೂರು ಮುಳ್ಳಿನದ್ದು ಬೇಡ, ನಿನಗೆ ಹೆದರಿಕೆ. ಒಂಟಿ ಕೊಕ್ಕೆ ಸಾಕು. ಅದಕ್ಕೆ ಯಾವ ಕೋಲು ಅಂತ ನಿನಗೆ ಗೊತ್ತುಂಟು. ಅಟ್ಟದಿಂದ ಅದನ್ನು ಇಳಿಸು.”